ಬೋಟಿನ ಸ್ಮಾಲ್ ಬ್ಲಾಕ್ ವಿ8 ಎಂಜಿನ್ ರೀಬಿಲ್ಡ್: ಪವರ್ ಏರಿಸಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಷೆವರ್ಲೆ 350 (350 ಘನ ಇಂಚು, ಅಂದರೆ 5.7 ಲೀಟರ್) ಮೂಲದ ಪೆಟ್ರೋಲ್ ಎಂಜಿನ್‌ಗಳಿಗೆ ಸಂಬಂಧಿಸಿದ ಪುಟ ಇದು. ಮರ್‌ಕ್ರೂಸರ್, ವೋಲ್ವೊ ಪೆಂಟಾ ಹೆಸರಿನಲ್ಲಿ ಬಂದ ಅನೇಕ ವಿ8ಗಳ ಒಳಗಿರುವುದು ಇದೇ ಬ್ಲಾಕ್. ಬೋಟ್ ಕಾರವಾರದಲ್ಲೋ ಮಲ್ಪೆಯಲ್ಲೋ ಗೋವಾದಲ್ಲೋ ಇದ್ದು, ಬೋರಿಂಗ್, ಗ್ರೈಂಡಿಂಗ್, ಬ್ಯಾಲೆನ್ಸಿಂಗ್‌ಗೆ ಎಂಜಿನ್ ಬೆಂಗಳೂರಿಗೆ ತರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಈ ಎಂಜಿನ್ನಿನ ಅಳತೆಯೆಲ್ಲ ಇಂಚಿನಲ್ಲೇ ಇರುವುದರಿಂದ ವರ್ಕ್‌ಶಾಪಿನಲ್ಲಿ ಮಾತಾಡುವ ಹಾಗೆ ‘ಥೌ’ ಲೆಕ್ಕ ಬಳಸಿದ್ದೇವೆ. ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ, 0.025 ಮಿಮೀ.

ಕಾರಿನ 350 ಎಂಜಿನ್‌ಗೆ ಮಾಡುವುದನ್ನೇ ಬೋಟಿಗೂ ಮಾಡಿದರೆ ಆಗದೇ?

ಆಗದು. ಕಾರು ಪೂರ್ತಿ ಥ್ರಾಟಲ್‌ನಲ್ಲಿ ಇರುವುದು ಕೆಲವೇ ಸೆಕೆಂಡು. ಬೋಟಿಗೆ ಇಳಿಜಾರೂ ಇಲ್ಲ, ನ್ಯೂಟ್ರಲ್‌ನಲ್ಲಿ ಉರುಳುವುದೂ ಇಲ್ಲ. ತುಂಬಿದ ಲಾರಿ ಶಿರಾಡಿ ಘಾಟಿಯನ್ನು ಮುಗಿಯದಂತೆ ಹತ್ತುತ್ತಲೇ ಇದ್ದರೆ ಹೇಗೋ ಬೋಟ್ ಎಂಜಿನ್ನಿನ ಪಾಡೂ ಹಾಗೇ. ಜೊತೆಗೆ ಅದು ಓಡುವ ವ್ಯಾಪ್ತಿ ಕಿರಿದು: ಕಾರ್ಬ್ಯುರೇಟರ್ ಇರುವ 5.7ಕ್ಕೆ ಫುಲ್ ಥ್ರಾಟಲ್‌ನಲ್ಲಿ 4400ರಿಂದ 4800 ಆರ್‌ಪಿಎಂ. 6000ದಲ್ಲಿ ಪವರ್ ಕೊಡುವ ಕಾರಿನ ಎಂಜಿನ್ ಇಲ್ಲಿ ದಂಡ. 2500ರಿಂದ 4800ರ ನಡುವೆ ಟಾರ್ಕ್ ತುಂಬಿರಬೇಕು, ಹುಟ್ಟಿದ ಬಿಸಿ ಹೊರಗೆ ಹೋಗಬೇಕು, ಎಕ್ಸಾಸ್ಟ್‌ನಲ್ಲಿ ಹರಿಯುವ ನೀರು ಒಳಗೆ ಬರಬಾರದು. ಮುಂದಿನ ಉತ್ತರಗಳೆಲ್ಲ ಈ ಮೂರು ಮಾತಿನ ಮೇಲೇ ನಿಂತಿವೆ.

ಎಷ್ಟು ಪವರ್ ಸಿಗುತ್ತದೆ? ಬೋಟ್ ಎಷ್ಟು ಜೋರಾಗುತ್ತದೆ?

ಕಾರ್ಬ್ಯುರೇಟರ್ 5.7 ಹೊಸದರಲ್ಲಿ ಕೊಡುತ್ತಿದ್ದದ್ದು 250–260 ಅಶ್ವಶಕ್ತಿ. ಬೋರ್ (ಸಿಲಿಂಡರ್ ವ್ಯಾಸ) 30 ಥೌ ಏರಿಸಿ, ವೋರ್ಟೆಕ್ ಹೆಡ್ (ಇದರ ವಿವರ ಮುಂದಿದೆ), ಹದವಾದ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್), ಸರಿಯಾದ ಕಾರ್ಬ್ಯುರೇಟರ್ ಹಾಕಿದರೆ 300–330 ನಂಬಬಹುದಾದ ಗುರಿ. 383 ಸ್ಟ್ರೋಕರ್ (ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, ಹೆಚ್ಚಿಸಿ 383 ಘನ ಇಂಚಿಗೆ ಏರಿಸಿದ್ದು) ಮಾಡಿದರೆ 350–375. ಇದಕ್ಕಿಂತ ಹೆಚ್ಚು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಯಾವ ಆರ್‌ಪಿಎಂನಲ್ಲಿ ಎಂದು ಕೇಳಿ.

ವೇಗದ ವಿಷಯದಲ್ಲಿ ಆಸೆ ಹತೋಟಿಯಲ್ಲಿರಲಿ. ನೀರಿನ ಮೇಲೆ ಎದ್ದು ಓಡುವ ಬೋಟಿನ ವೇಗ ಸುಮಾರಾಗಿ ಪವರ್‌ನ ವರ್ಗಮೂಲದಷ್ಟೇ ಏರುತ್ತದೆ. 260ರಿಂದ 330ಕ್ಕೆ ಹೋದರೆ ಪವರ್ ಶೇ 27 ಹೆಚ್ಚಾಯಿತು, ವೇಗ ಹೆಚ್ಚಾಗುವುದು ಶೇ 12–13. 36 ನಾಟ್ ಓಡುತ್ತಿದ್ದದ್ದು 40ರ ಆಸುಪಾಸು ಓಡುತ್ತದೆ. ಹೆಚ್ಚು ಎದ್ದುಕಾಣುವ ಲಾಭ ಬೇರೆ ಕಡೆ ಇದೆ: ಜನ ತುಂಬಿದಾಗಲೂ ಬೋಟ್ ಬೇಗ ಮೇಲೇಳುತ್ತದೆ, ಸ್ಕೀ ಎಳೆಯುವಾಗ ಕುಗ್ಗುವುದಿಲ್ಲ. ಪೆಟ್ರೋಲ್ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. 330 ಅಶ್ವಶಕ್ತಿ ಪೂರ್ತಿ ಎಳೆದರೆ ಗಂಟೆಗೆ ಸುಮಾರು 100 ಲೀಟರ್ ಬೇಕು.

ನಮ್ಮದು 5.0 ಲೀಟರ್ 305. ಬೋರ್ ಮಾಡಿ 350 ಮಾಡಬಹುದೇ?

ಇಲ್ಲ. 305ರ ಬೋರ್ 3.736 ಇಂಚು, 350ರದ್ದು 4.000. ನಡುವೆ 264 ಥೌ ಅಂತರವಿದೆ, ಅಷ್ಟು ಕೊರೆಯಲು ಗೋಡೆಯೇ ಇಲ್ಲ. 305ಕ್ಕೆ ದುಡ್ಡು ಸುರಿಯುವ ಬದಲು 350 ಬ್ಲಾಕ್ ಹುಡುಕಿ. ಎರಡರ ಸ್ಟ್ರೋಕ್ ಒಂದೇ, 3.48 ಇಂಚು. ಮೌಂಟ್, ಮ್ಯಾನಿಫೋಲ್ಡ್ ಎಲ್ಲ ಅದಕ್ಕೇ ಕೂರುತ್ತವೆ.

355 ಸಾಕೋ, 383 ಮಾಡಬೇಕೋ?

350 ಬ್ಲಾಕ್‌ಗೆ 30 ಥೌ ಬೋರ್ ಏರಿಸಿದರೆ 355 ಘನ ಇಂಚು. ಅದೇ ಬೋರ್‌ಗೆ 3.75 ಇಂಚಿನ ಸ್ಟ್ರೋಕ್ ಇರುವ ಕ್ರ್ಯಾಂಕ್ ಹಾಕಿದರೆ 383. ಕ್ರ್ಯಾಂಕ್ ಹೇಗೂ ಗ್ರೈಂಡಿಂಗ್‌ಗೆ ಹೋಗಬೇಕಿದ್ದರೆ, ಪಿಸ್ಟನ್ ಹೇಗೂ ಹೊಸದು ತರಿಸಬೇಕಿದ್ದರೆ, ನಮ್ಮ ಮತ 383ರ ಕಡೆಗೇ. ಆರ್‌ಪಿಎಂ ಏರಿಸದೆ, ಕ್ಯಾಮ್ ಒರಟು ಮಾಡದೆ ಟಾರ್ಕ್ ಕೊಡುವ ದಾರಿ ಇದೊಂದೇ.

ಕೆಲಸ ಮಾತ್ರ ಹೆಚ್ಚು. ಉದ್ದ ಸ್ಟ್ರೋಕ್‌ಗೆ ಕನೆಕ್ಟಿಂಗ್ ರಾಡ್ ಬೋಲ್ಟ್ ಬ್ಲಾಕಿನ ಪ್ಯಾನ್ ರೈಲಿಗೂ ಕ್ಯಾಮ್‌ಗೂ ತಾಗುತ್ತದೆ. ಎಲ್ಲ ಎಂಟು ಸಿಲಿಂಡರ್‌ನಲ್ಲೂ ಕೈಯಲ್ಲಿ ಕ್ರ್ಯಾಂಕ್ ತಿರುಗಿಸಿ ನೋಡಿ, ಕನಿಷ್ಠ 50–60 ಥೌ ಜಾಗ ಬರುವಂತೆ ಗ್ರೈಂಡ್ ಮಾಡಬೇಕು. ಆಯಿಲ್ ಪ್ಯಾನ್ ಮತ್ತು ಡಿಪ್‌ಸ್ಟಿಕ್‌ಗೂ ತಾಗದಂತೆ ನೋಡಬೇಕು. ಎರಕದ 383 ಕ್ರ್ಯಾಂಕ್‌ಗಳಲ್ಲಿ ಅನೇಕವು ಎಕ್ಸ್‌ಟರ್ನಲ್ ಬ್ಯಾಲೆನ್ಸ್, ಅಂದರೆ ಸರಿತೂಗಿಸುವ ತೂಕದ ಒಂದು ಭಾಗ ಡ್ಯಾಂಪರ್, ಫ್ಲೈವೀಲ್ ಮೇಲಿರುತ್ತದೆ. ಅಂಥದ್ದಕ್ಕೆ ತಕ್ಕ ಡ್ಯಾಂಪರ್, ಫ್ಲೈವೀಲ್ ಇಲ್ಲದೆ ಹಳೆಯದನ್ನೇ ಹಾಕಿದರೆ ಎಂಜಿನ್ ನಡುಗಿ ಬೇರಿಂಗ್ ತಿನ್ನುತ್ತದೆ. ಬ್ಯಾಲೆನ್ಸಿಂಗ್‌ಗೆ ಕೊಡುವಾಗ ಕ್ರ್ಯಾಂಕ್ ಜೊತೆ ಡ್ಯಾಂಪರ್, ಫ್ಲೈವೀಲ್, ಒಂದು ಸೆಟ್ ಪಿಸ್ಟನ್, ಪಿನ್, ರಿಂಗ್, ರಾಡ್, ಬೇರಿಂಗ್ ಎಲ್ಲವನ್ನೂ ಒಟ್ಟಿಗೇ ಕೊಡಿ.

ಪಾರ್ಟ್ಸ್ ತರಿಸುವ ಮೊದಲು ಏನೇನು ಖಚಿತ ಮಾಡಿಕೊಳ್ಳಬೇಕು?

ಬಿಡಿಭಾಗ ಹೊರದೇಶದಿಂದ ಬರಬೇಕು, ತಪ್ಪು ಬಂದರೆ ವಾಪಸ್ ಕಳಿಸುವುದು ಕನಸು. ಮೊದಲು ರಿಯರ್ ಮೇನ್ ಸೀಲ್ ನೋಡಿ: 1986ರಿಂದ ಈಚಿನವಕ್ಕೆ ಒಂದೇ ತುಂಡಿನ ಸೀಲ್, ಹಿಂದಿನವಕ್ಕೆ ಎರಡು ತುಂಡಿನದ್ದು. ಕ್ರ್ಯಾಂಕ್, ಫ್ಲೈವೀಲ್, ಪ್ಯಾನ್ ಮೂರೂ ಇದರ ಮೇಲೆ ಬದಲಾಗುತ್ತವೆ. ಆಮೇಲೆ ತಿರುಗುವ ದಿಕ್ಕು. ಎರಡು ಎಂಜಿನ್ ಇರುವ ಹಳೆಯ ಇನ್‌ಬೋರ್ಡ್ ಬೋಟ್‌ಗಳಲ್ಲಿ ಒಂದು ಎಂಜಿನ್ ಉಲ್ಟಾ ತಿರುಗುವುದುಂಟು. ಅದಕ್ಕೆ ಕ್ಯಾಮ್, ಸ್ಟಾರ್ಟರ್, ಸೀಲ್ ಬೇರೆ. ಫೈರಿಂಗ್ ಆರ್ಡರ್ ಕೂಡ 1-8-4-3-6-5-7-2 ಅಲ್ಲ, 1-2-7-5-6-3-4-8. ಕೊನೆಗೆ ಕ್ಯಾಮ್ ರೋಲರ್ ಲಿಫ್ಟರ್‌ನದ್ದೋ ಚಪ್ಪಟೆ ಲಿಫ್ಟರ್‌ನದ್ದೋ ಎಂದು ನೋಡಿಕೊಳ್ಳಿ.

ಉಪ್ಪುನೀರಲ್ಲಿ ಓಡಿದ ಬ್ಲಾಕ್ ಮತ್ತೆ ಬಳಸಬಹುದೇ?

ಕೆಲವು ಬಳಸಬಹುದು, ಎಷ್ಟೋ ಬಳಸಲಾಗುವುದಿಲ್ಲ. ಹೊರಗಿನ ಪೇಂಟ್ ನೋಡಿ ತೀರ್ಮಾನಿಸುವಂತಿಲ್ಲ. ನೇರ ಕಡಲ ನೀರಲ್ಲೇ ತಣಿಯುವ ಎಂಜಿನ್ ಆಗಿದ್ದರೆ ವಾಟರ್ ಜಾಕೆಟ್ (ಸಿಲಿಂಡರ್ ಸುತ್ತ ನೀರು ಹರಿಯುವ ಜಾಗ) ಒಳಗಿನಿಂದ ಸಿಲಿಂಡರ್ ಗೋಡೆ ಸವೆದಿರುತ್ತದೆ.

ಫ್ರಾಸ್ಟ್ ಪ್ಲಗ್‌ಗಳನ್ನೆಲ್ಲ (ಬ್ಲಾಕಿನ ಬದಿಯ ತೂತು ಮುಚ್ಚುವ ಬಿಲ್ಲೆಗಳು) ಹೊಡೆದು ತೆಗೆಯಿರಿ. ಜಾಕೆಟ್ ತಳದಲ್ಲಿ ಕೂತ ತುಕ್ಕಿನ ಪದರಗಳನ್ನು ಸ್ಕ್ರೂಡ್ರೈವರ್‌ನಿಂದ ಕೆದಕಿ. ಕೈತುಂಬ ಹಪ್ಪಳದಂಥ ಪದರ ಬಂದರೆ ಅದೆಲ್ಲ ಒಮ್ಮೆ ಬ್ಲಾಕಿನ ಕಬ್ಬಿಣವಾಗಿತ್ತು. ಹಾಟ್ ಟ್ಯಾಂಕ್‌ನಲ್ಲಿ ತೊಳೆಸಿದ ಮೇಲೆ ಮಾತ್ರ ಮುಂದಿನ ಪರೀಕ್ಷೆ: ಮ್ಯಾಗ್ನಾಫ್ಲಕ್ಸ್‌ನಿಂದ ಬಿರುಕು ನೋಡುವುದು, ಪ್ರೆಷರ್ ಟೆಸ್ಟ್, ಅಲ್ಟ್ರಾಸಾನಿಕ್ ಗೇಜ್‌ನಿಂದ ಗೋಡೆ ದಪ್ಪ ಅಳೆಯುವುದು. ಬೋರಿಂಗ್ ಮುಗಿದ ಮೇಲೆ ಪಿಸ್ಟನ್ ಒತ್ತುವ ಬದಿಯಲ್ಲಿ 125 ಥೌ (3.2 ಮಿಮೀ) ಉಳಿಯಬೇಕು. ಪ್ರತಿ ಸಿಲಿಂಡರ್‌ಗೆ ಮೇಲೆ, ನಡುವೆ, ಕೆಳಗೆ ನಾಲ್ಕೂ ಕಡೆ ಅಳೆಸಿ ಕಾಗದದಲ್ಲಿ ಬರೆಸಿಕೊಳ್ಳಿ. ಉಪ್ಪುನೀರಿನ ಬ್ಲಾಕ್‌ಗೆ 30 ಥೌ ಮೀರಿ ಬೋರ್ ಮಾಡಿಸಬೇಡಿ. 60 ಥೌ ಪಿಸ್ಟನ್ ಸಿಗುತ್ತದೆ ಎಂಬುದು ಕಾರಣವಲ್ಲ. ತೆಳು ಗೋಡೆ ಬಿಸಿಗೆ ಬಾಗುತ್ತದೆ, ರಿಂಗ್ ಹಿಡಿತ ಬಿಡುತ್ತದೆ. ಡೆಕ್ (ಬ್ಲಾಕಿನಲ್ಲಿ ಹೆಡ್ ಕೂರುವ ಮೇಲ್ಮೈ) ಮೇಲೆ ನೀರಿನ ತೂತುಗಳ ಸುತ್ತ ಗುಂಡಿ ಬಿದ್ದಿದ್ದರೆ ಫೇಸಿಂಗ್‌ನಲ್ಲಿ (ಅದನ್ನು ಕೆತ್ತಿ ಸಮ ಮಾಡುವಾಗ) ಎಷ್ಟು ಹೋಗುತ್ತದೆ ಎಂದೂ ನೋಡಿ.

ಬೆಂಗಳೂರಿನಲ್ಲಿ ಈ ಕೆಲಸ ಆಗುತ್ತದೆಯೇ?

ಯಂತ್ರದ ಕೆಲಸ ಆಗುತ್ತದೆ. ಪೀಣ್ಯ, ರಾಜಾಜಿನಗರದ ಕಡೆ ನಿಖರವಾಗಿ ಬೋರಿಂಗ್, ಹೋನಿಂಗ್ (ಬೋರನ್ನು ಸಾಣೆಕಲ್ಲಿನಿಂದ ನಯ ಮಾಡುವುದು), ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ಶಾಪ್‌ಗಳು ಸಾಕಷ್ಟಿವೆ. ಆದರೆ ಅವರು ದಿನವೂ ನೋಡುವುದು ಲಾರಿ, ಟ್ರ್ಯಾಕ್ಟರ್, ಕಾರಿನ ಎಂಜಿನ್. ಈ ಬ್ಲಾಕಿನ ಅಳತೆಗಳನ್ನು ನೀವೇ ಬರೆದುಕೊಂಡು ಹೋಗಬೇಕು. ‘ಸ್ಟ್ಯಾಂಡರ್ಡ್ ಕ್ಲಿಯರೆನ್ಸ್ ಇಟ್ಟುಬಿಡಿ’ ಎಂದರೆ ಅವರಿಗೆ ರೂಢಿಯಾದದ್ದನ್ನು ಇಡುತ್ತಾರೆ, ಅದು ಬೋಟಿಗೆ ಬಿಗಿ.

ಒಂದು ಉಪಕರಣವನ್ನು ಮಾಡಿಸಿಕೊಳ್ಳಲೇಬೇಕು: ಟಾರ್ಕ್ ಪ್ಲೇಟ್. ಹೆಡ್ ಬೋಲ್ಟ್ ಬಿಗಿದಾಗ ಸಿಲಿಂಡರ್ ಸ್ವಲ್ಪ ಗುಂಡಗಿನ ಆಕಾರ ಕಳೆದುಕೊಳ್ಳುತ್ತದೆ. ಬಿಗಿಯದೆ ಹೋನ್ ಮಾಡಿದ ಬೋರ್, ಹೆಡ್ ಕೂರಿಸಿದ ಮೇಲೆ ಗುಂಡಗಿರುವುದಿಲ್ಲ. ಸುಮಾರು 50 ಮಿಮೀ ದಪ್ಪದ ಸ್ಟೀಲ್ ಪ್ಲೇಟ್‌ಗೆ ನಾಲ್ಕು ಬೋರ್ ಮತ್ತು ಬೋಲ್ಟ್ ತೂತು ಕೊರೆಸಿ, ಅಸಲಿ ಗ್ಯಾಸ್ಕೆಟ್ ಇಟ್ಟು, ಬೋಲ್ಟ್ ಹೆಡ್‌ನಲ್ಲಿ ಕೂರುವಷ್ಟೇ ಆಳ ಕೂರುವಂತೆ ಬಿಗಿದು ಹೋನಿಂಗ್ ಮಾಡಿಸಿ. ಪೀಣ್ಯದಲ್ಲಿ ಇದನ್ನು ಮಾಡಿಕೊಡುವುದು ದೊಡ್ಡ ವಿಷಯವೇನಲ್ಲ.

ಹೋನಿಂಗ್ ಆದ ಬ್ಲಾಕನ್ನು ಡೀಸೆಲ್‌ನಲ್ಲಿ ಒರೆಸಿ ಬಿಟ್ಟರೆ ಸಾಣೆಕಲ್ಲಿನ ಪುಡಿ ಗೀರುಗಳಲ್ಲೇ ಉಳಿಯುತ್ತದೆ. ಬಿಸಿನೀರು, ಸೋಪು, ಬ್ರಷ್‌ನಿಂದ ಉಜ್ಜಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಉಳಿಯುವ ತನಕ ಉಜ್ಜಬೇಕು. ಗಾಳಿ ಹೊಡೆದು ಒಣಗಿಸಿದ ಕೂಡಲೇ ಎಣ್ಣೆ ಸವರಿ.

ಕ್ಲಿಯರೆನ್ಸ್ ಎಷ್ಟಿಡಬೇಕು?

ಮೊದಲ ಮಾತು ಪಿಸ್ಟನ್ ತಯಾರಕರದ್ದು. ಅವರ ಹಾಳೆಯಲ್ಲಿ ಬೋಟಿನ ಬಳಕೆಗೆ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಕೊಡದಿದ್ದರೆ ಫೋರ್ಜ್ಡ್ ಪಿಸ್ಟನ್‌ಗೆ 4.5ರಿಂದ 6 ಥೌ. ಕಾರಿಗಿಂತ ಸಡಿಲ ಏಕೆಂದರೆ, ಬ್ಲಾಕ್ ಕಡಲ ನೀರಿನಿಂದ ತಣ್ಣಗೇ ಇರುತ್ತದೆ, ಪಿಸ್ಟನ್ ಮಾತ್ರ ಪೂರ್ತಿ ಲೋಡಿನಲ್ಲಿ ಕಾದು ಹಿಗ್ಗುತ್ತದೆ. ನಡುವಿನ ಜಾಗ ಮುಚ್ಚಿಹೋದರೆ ಪಿಸ್ಟನ್ ಸೀಜ್.

ರಿಂಗ್ ಗ್ಯಾಪ್ ಕೂಡ ಇದೇ ತರ್ಕ. 4.030 ಬೋರ್‌ಗೆ ಮೇಲಿನ ರಿಂಗ್ 18–20 ಥೌ, ಎರಡನೆಯದು 20–22. ತುದಿಗಳು ಬಿಸಿಗೆ ಹಿಗ್ಗಿ ಒಂದಕ್ಕೊಂದು ಒತ್ತಿದರೆ ಪಿಸ್ಟನ್ ಮೇಲಿನ ಅಂಚನ್ನೇ ಕಿತ್ತು ತೆಗೆಯುತ್ತವೆ. ಪ್ರತಿ ರಿಂಗನ್ನೂ ಅದು ಕೂರಬೇಕಾದ ಸಿಲಿಂಡರ್‌ನಲ್ಲೇ ಇಟ್ಟು ಫೀಲರ್ ಗೇಜ್‌ನಲ್ಲಿ ನೋಡಿ.

ಮೇನ್ ಬೇರಿಂಗ್ 2.5 ಥೌ ಆಸುಪಾಸು, ರಾಡ್ ಬೇರಿಂಗ್ 2ರಿಂದ 2.5. ಕ್ರ್ಯಾಂಕ್ ಎಂಡ್ ಪ್ಲೇ 2–6 ಥೌ. ಒಂದು ಕ್ರ್ಯಾಂಕ್ ಪಿನ್ ಮೇಲಿನ ಎರಡು ರಾಡ್‌ಗಳ ಸೈಡ್ ಕ್ಲಿಯರೆನ್ಸ್ 8–14. ಪ್ಲಾಸ್ಟಿಗೇಜ್ (ಬೇರಿಂಗ್ ನಡುವೆ ಇಟ್ಟು ಒತ್ತಿ ಜಾಗ ಅಳೆಯುವ ಮೆತ್ತನೆಯ ಎಳೆ) ಇದ್ದರೆ ಖಾತ್ರಿಗೆ ಸರಿ, ಆದರೆ ತೀರ್ಮಾನ ಮೈಕ್ರೋಮೀಟರ್ ಮತ್ತು ಬೋರ್ ಗೇಜ್‌ನಿಂದಲೇ ಆಗಲಿ.

ಕಂಪ್ರೆಷನ್ ಎಷ್ಟು ಏರಿಸಬಹುದು?

ಅನುಪಾತವನ್ನು, ಅಂದರೆ ಸಿಲಿಂಡರಿನ ಪೂರ್ತಿ ಜಾಗ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬುದನ್ನು, 9.0ರಿಂದ 9.5ರ ನಡುವೆ ನಿಲ್ಲಿಸಿ. ಲೆಕ್ಕ ಕೈಯಲ್ಲೇ ಹಾಕಬಹುದು. 4.030 ಬೋರ್, 3.48 ಸ್ಟ್ರೋಕ್‌ಗೆ ಒಂದು ಸಿಲಿಂಡರ್ 727 ಸಿಸಿ. ವೋರ್ಟೆಕ್ ಹೆಡ್ ಚೇಂಬರ್ 64 ಸಿಸಿ, 39 ಥೌ ಗ್ಯಾಸ್ಕೆಟ್ ಸುಮಾರು 8.4, ಪಿಸ್ಟನ್ ಡೆಕ್‌ಗಿಂತ 25 ಥೌ ಕೆಳಗಿದ್ದರೆ 5.2. ಪಿಸ್ಟನ್ ಮೇಲೆ 12 ಸಿಸಿ ತಗ್ಗು ಇದ್ದರೆ ಒಟ್ಟು 89.6, ಅನುಪಾತ 9.1. ಅದೇ ಜಾಗಕ್ಕೆ 6 ಸಿಸಿ ವಾಲ್ವ್ ಗುಂಡಿಯಿರುವ ಚಪ್ಪಟೆ ಪಿಸ್ಟನ್ ಹಾಕಿದರೆ 9.7 ಆಗಿಬಿಡುತ್ತದೆ. 383ಕ್ಕೆ ಸಿಲಿಂಡರ್ 784 ಸಿಸಿ ಆಗುವುದರಿಂದ 12 ಸಿಸಿ ತಗ್ಗಿದ್ದರೂ 9.7, ಅದಕ್ಕೆ 18 ಸಿಸಿ ತಗ್ಗು ಬೇಕು, ಆಗ 9.2.

ಅನುಪಾತದಷ್ಟೇ ಮುಖ್ಯ ಕ್ವೆಂಚ್, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಹೆಡ್‌ನ ಚಪ್ಪಟೆ ಭಾಗಕ್ಕೂ ಅದಕ್ಕೂ ಉಳಿಯುವ ಅಂತರ. ಅದು 40 ಥೌ ಆಸುಪಾಸಿದ್ದರೆ ಮಿಶ್ರಣ ಚೆನ್ನಾಗಿ ಕಲಕಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ಕಡಿಮೆಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 64 ಇದೆ, ಹೆಚ್ಚಾಯಿತು. ಡೆಕ್ ಫೇಸಿಂಗ್ ಮಾಡಿಸಿ ಪಿಸ್ಟನ್ ಸಮಕ್ಕೆ ತಂದು, ಆಮೇಲೆ ಏರುವ ಕಂಪ್ರೆಷನ್‌ಗೆ ಸರಿಯಾಗಿ ಪಿಸ್ಟನ್ ತಗ್ಗನ್ನು ಹೆಚ್ಚಿಸುವುದು ಸರಿಯಾದ ದಾರಿ. ಹಾಗಾಗಿ ಡೆಕ್ ಕೆಲಸದ ಲೆಕ್ಕ ಮುಗಿಯುವ ತನಕ ಪಿಸ್ಟನ್ ಆರ್ಡರ್ ಮಾಡಬೇಡಿ.

ಈಗ ಬಂಕ್‌ನಲ್ಲಿ ಸಿಗುವುದು ಇ20 (ಶೇ 20 ಎಥೆನಾಲ್ ಬೆರೆತ ಪೆಟ್ರೋಲ್). ತೊಂದರೆ ಇದೆಯೇ?

ಇದೆ, ತಯಾರಿ ಮಾಡಿಕೊಂಡರೆ ನಿಭಾಯಿಸಬಹುದು. ಅಮೆರಿಕದ ಪುಸ್ತಕದಲ್ಲಿ 87 ಆಕ್ಟೇನ್ ಸಾಕು ಎಂದಿರುತ್ತದೆ. ಅಲ್ಲಿ ಅಳೆಯುವ ಕ್ರಮ ಬೇರೆ, ಅದು ನಮ್ಮ 91ಕ್ಕೆ ಸಮ. ಎಥೆನಾಲ್ ಆಕ್ಟೇನ್ ಏರಿಸುತ್ತದೆ ನಿಜ, ಆದರೆ ಅದನ್ನು ನಂಬಿ ಕಂಪ್ರೆಷನ್ ಏರಿಸಬೇಡಿ. ಜೆಟ್ಟಿಯಲ್ಲಿ ಕ್ಯಾನ್‌ನಿಂದ ಸುರಿಯುವ ಪೆಟ್ರೋಲ್ ಎಷ್ಟು ದಿನದ್ದೋ ಗೊತ್ತಿರುವುದಿಲ್ಲ.

ಎಥೆನಾಲ್‌ಗೆ ಗಾಳಿಯ ಹೋಲಿಕೆಯಲ್ಲಿ ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲ್‌ಗೆ ಹೊಂದಿಸಿದ ಕಾರ್ಬ್ಯುರೇಟರ್ ಇ20ಯಲ್ಲಿ ಸುಮಾರು ಶೇ 8ರಷ್ಟು ತೆಳುವಾಗಿ ಓಡುತ್ತದೆ. ಪೂರ್ತಿ ಲೋಡಿನಲ್ಲಿ ತೆಳು ಮಿಶ್ರಣ ಎಂದರೆ ಕರಗಿದ ಪಿಸ್ಟನ್. ಎರಡನೆಯ ಪೀಡೆ ನೀರು. ಕರಾವಳಿಯ ತೇವದ ಗಾಳಿಯಿಂದ ಎಥೆನಾಲ್ ನೀರು ಹೀರುತ್ತದೆ, ಮಿತಿ ಮೀರಿದಾಗ ನೀರೂ ಎಥೆನಾಲೂ ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಇಳಿಯುತ್ತವೆ. ಪಿಕಪ್ ಪೈಪ್ ಇರುವುದೂ ಅಲ್ಲೇ. 10 ಮೈಕ್ರಾನ್‌ನ ನೀರು ಬೇರ್ಪಡಿಸುವ ಫಿಲ್ಟರ್ ಕಡ್ಡಾಯ. ಮಳೆಗಾಲಕ್ಕೆ ಬೋಟ್ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡಿ. ಹಳೆಯ ರಬ್ಬರ್ ಹೋಸ್‌ಗಳನ್ನು ಎಥೆನಾಲ್ ತಡೆಯುವ ಬೋಟ್ ದರ್ಜೆಯವಕ್ಕೆ ಬದಲಿಸಿ.

ಹೆಡ್ ಯಾವುದು ಹಾಕಬೇಕು?

ದುಡ್ಡು ಒಂದೇ ಕಡೆ ಹಾಕಲು ಸಾಧ್ಯವಿದ್ದರೆ ಇಲ್ಲೇ ಹಾಕಿ. 1996ರಿಂದ ಬಂದ ವೋರ್ಟೆಕ್ ಹೆಡ್ ಹಳೆಯ ಹೆಡ್‌ಗಳಿಗಿಂತ ಬಹಳ ಚೆನ್ನಾಗಿ ಉಸಿರಾಡುತ್ತದೆ. 170 ಸಿಸಿ ಇಂಟೇಕ್ ಪೋರ್ಟ್, 1.94 ಮತ್ತು 1.50 ಇಂಚಿನ ವಾಲ್ವ್. ಅದಕ್ಕೆ ಅದರದ್ದೇ ಎಂಟು ಬೋಲ್ಟ್‌ನ ಇಂಟೇಕ್ ಮ್ಯಾನಿಫೋಲ್ಡ್ ಬೇಕು, ಹಳೆಯದು ಕೂರುವುದಿಲ್ಲ. ಸೆಕೆಂಡ್ ಹ್ಯಾಂಡ್ ತರುವುದಾದರೆ ಎರಡು ವಾಲ್ವ್ ಸೀಟುಗಳ ನಡುವೆ ಬಿರುಕಿದೆಯೇ ನೋಡಿಸಿ, ಈ ಹೆಡ್‌ಗಳಿಗೆ ಅದು ಸಾಮಾನ್ಯ ಕಾಯಿಲೆ. ಇನ್ನೊಂದು ಮಿತಿ: ಮೂಲ ಸ್ಪ್ರಿಂಗ್ ರಿಟೇನರ್ ಮತ್ತು ಸೀಲ್ ಇದ್ದಂತೆ 0.460–0.470 ಇಂಚು ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ದಾಟಿದರೆ ರಿಟೇನರ್ ಹೋಗಿ ಸೀಲ್‌ಗೆ ಹೊಡೆಯುತ್ತದೆ. ಹೆಚ್ಚಿನ ಲಿಫ್ಟ್‌ನ ಕ್ಯಾಮ್ ಹಾಕುವವರು ಗೈಡ್ ತಲೆಯನ್ನು ಕತ್ತರಿಸಬೇಕು.

ಎಕ್ಸಾಸ್ಟ್ ಸೀಟ್ ಅಗಲ 60–80 ಥೌ ಇಡಿಸಿ. ರೇಸ್ ಎಂಜಿನ್ನಿನಂತೆ ಕಿರಿದು ಮಾಡಿದರೆ ವಾಲ್ವ್‌ನ ಬಿಸಿ ಇಳಿಯಲು ದಾರಿಯಿಲ್ಲದೆ ಅಂಚು ಸುಡುತ್ತದೆ.

ಸ್ವಲ್ಪ ದೊಡ್ಡ ಕ್ಯಾಮ್ ಹಾಕಿದರೆ ಏನಾಗುತ್ತದೆ?

ಬೋಟ್ ಎಂಜಿನ್‌ಗಳು ಹೆಚ್ಚಾಗಿ ಹಾಳಾಗುವ ಜಾಗ ಇದು, ಸ್ವಲ್ಪ ನಿಧಾನವಾಗಿ ಓದಿ. ಬೋಟಿನ ಎಕ್ಸಾಸ್ಟ್ ಒದ್ದೆ: ರೈಸರ್ (ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಕೂರುವ ಬಾಗಿದ ಭಾಗ) ದಾಟಿದ ಕೂಡಲೇ ಹೊಗೆಗೆ ಕಡಲ ನೀರು ಸೇರುತ್ತದೆ. ಓವರ್‌ಲ್ಯಾಪ್ ಸಮಯದಲ್ಲಿ ಎರಡೂ ವಾಲ್ವ್ ತೆರೆದಿರುತ್ತವೆ. ಐಡಲ್‌ನಲ್ಲಿ ಇಂಟೇಕ್ ಕಡೆಯ ನಿರ್ವಾತ ಎಕ್ಸಾಸ್ಟನ್ನು ಹಿಂದಕ್ಕೆ ಎಳೆಯುತ್ತದೆ, ಅದರ ಜೊತೆ ನೀರಿನ ಹನಿಯೂ ಬರುತ್ತದೆ. ಕ್ಯಾಮ್ ದೊಡ್ಡದಾದಷ್ಟೂ ಓವರ್‌ಲ್ಯಾಪ್ ಹೆಚ್ಚು, ಈ ಎಳೆತವೂ ಹೆಚ್ಚು. ಮೊದಲು ಎಕ್ಸಾಸ್ಟ್ ವಾಲ್ವ್ ಕಾಂಡಕ್ಕೆ ತುಕ್ಕು, ಆಮೇಲೆ ರಿಂಗ್‌ಗೆ, ಕೊನೆಗೆ ಸಿಲಿಂಡರ್‌ನಲ್ಲಿ ನೀರು ನಿಂತು ಸ್ಟಾರ್ಟ್ ಮಾಡುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಆದ್ದರಿಂದ 50 ಥೌ ಲಿಫ್ಟ್‌ನಲ್ಲಿ ಅಳೆದ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ) 210–220 ಡಿಗ್ರಿ ಒಳಗಿರಲಿ, ಲೋಬ್ ಸೆಪರೇಷನ್ (ಇಂಟೇಕ್, ಎಕ್ಸಾಸ್ಟ್ ಲೋಬ್‌ಗಳ ನಡುವಿನ ಕೋನ) 112ರಿಂದ 114 ಇರಲಿ. ಕಾರಿಗೆಂದು ಮಾರುವ 106–108 ಡಿಗ್ರಿಯ ಕ್ಯಾಮ್ ಐಡಲ್‌ನಲ್ಲಿ ಕೇಳಲು ಚೆಂದ, ಬೋಟಿಗೆ ವಿಷ. ಕ್ಯಾಮ್ ಕೂರಿಸುವಾಗ ಟೈಮಿಂಗ್ ಗುರುತು ನಂಬಿ ಬಿಡಬೇಡಿ, ಡಿಗ್ರಿ ವೀಲ್ ಹಾಕಿ ನೋಡಿ. ಪಿಸ್ಟನ್‌ಗೂ ವಾಲ್ವ್‌ಗೂ ಇಂಟೇಕ್‌ನಲ್ಲಿ 80 ಥೌ, ಎಕ್ಸಾಸ್ಟ್‌ನಲ್ಲಿ 100 ಥೌ ಅಂತರ ಇರಲೇಬೇಕು.

ನೀರು ಬರುತ್ತಿದೆಯೇ ಎಂದು ತಿಳಿಯಲು ಬೋಟ್ ನೀರಿನಲ್ಲಿದ್ದಾಗ 20 ನಿಮಿಷ ಐಡಲ್ ಬಿಟ್ಟು ನಿಲ್ಲಿಸಿ ಎಂಟೂ ಪ್ಲಗ್ ಬಿಚ್ಚಿ. ಯಾವುದಾದರೂ ಪ್ಲಗ್ ಮೇಲೆ ಹನಿ ಅಥವಾ ತುಕ್ಕಿನ ಬಣ್ಣ ಕಂಡರೆ ಕಾರಣ ಸಿಗುವ ತನಕ ಬೋಟ್ ಹೊರಡಿಸಬೇಡಿ.

ಕಾರ್ಬ್ಯುರೇಟರ್ ಎಷ್ಟು ದೊಡ್ಡದು ಬೇಕು? ಬೆಂಗಳೂರಲ್ಲೇ ಟ್ಯೂನ್ ಮಾಡಿ ಕಳಿಸಬಹುದೇ?

ಘನ ಇಂಚನ್ನು ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿ. 355ಕ್ಕೆ 5000 ಆರ್‌ಪಿಎಂನಲ್ಲಿ 514 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ), 383ಕ್ಕೆ 554. ಎಂಜಿನ್ ನಿಜಕ್ಕೂ ತುಂಬಿಕೊಳ್ಳುವುದು ಅದರ ಶೇ 85ರಷ್ಟು. 600–650 ಸಿಎಫ್‌ಎಂ ಬೋಟ್ ಕಾರ್ಬ್ಯುರೇಟರ್ ಎರಡಕ್ಕೂ ಸಾಕು. 750 ಹಾಕಿದರೆ ಕೆಳಗಿನ ಆರ್‌ಪಿಎಂನಲ್ಲಿ ಮಂಕಾಗುವುದಷ್ಟೇ ಲಾಭ.

ಬೆಂಗಳೂರಲ್ಲಿ ಮಾಡಿದ ಟ್ಯೂನಿಂಗ್ ಮಾತ್ರ ಅಂತಿಮವಲ್ಲ. ಈ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ಶೇ 8–9ರಷ್ಟು ತೆಳು. ಇಲ್ಲಿ ಸರಿಯಾಗಿ ಕೂತ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ಮಂಗಳೂರಿಗೆ ಇಳಿದಾಗ ಗಾಳಿ ದಟ್ಟವಾಗಿ ಮಿಶ್ರಣ ಶೇ 4–5ರಷ್ಟು ತೆಳುವಾಗುತ್ತದೆ. ಇಲ್ಲಿ ಎಂಜಿನ್ ಸೊಗಸಾಗಿ ಓಡಿತು, ಅಲ್ಲಿ ಮೂರನೇ ಟ್ರಿಪ್‌ಗೆ ಪಿಸ್ಟನ್ ತೂತಾಯಿತು ಎಂಬ ದೂರಿನ ಹಿಂದೆ ಈ ಕಾರಣ ಇರಬಹುದು. ಇಲ್ಲಿ ಹೊಂದಿಸಿದ ಮೇನ್ ಜೆಟ್‌ನ ತೂತಿನ ವಿಸ್ತೀರ್ಣವನ್ನು ಶೇ 5 ಹೆಚ್ಚಿಸಿ ಕಳಿಸಿ, ಅಂದರೆ ವ್ಯಾಸದಲ್ಲಿ ಶೇ 2.5. ಕೊನೆಯ ಹೊಂದಾಣಿಕೆಯನ್ನು ಕಡಲಲ್ಲಿ, ಲೋಡ್ ಹಾಕಿ, ಪ್ಲಗ್ ಬಣ್ಣ ನೋಡಿ ಮಾಡಿ. ವೈಡ್‌ಬ್ಯಾಂಡ್ ಸೆನ್ಸರ್ (ಎಕ್ಸಾಸ್ಟ್ ನೋಡಿ ಮಿಶ್ರಣ ಅಳೆಯುವುದು) ಇದ್ದರೆ ನೀರು ಸೇರುವ ಜಾಗಕ್ಕಿಂತ ಮುಂಚೆಯೇ ಕೂರಿಸಿ, ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.85 ಬರಲಿ (1 ಎಂದರೆ ಸಮ ಮಿಶ್ರಣ, ಕಡಿಮೆಯಾದಷ್ಟೂ ಪೆಟ್ರೋಲ್ ಹೆಚ್ಚು).

ಇಂಜೆಕ್ಷನ್ ಇರುವ ಎಂಪಿಐ ಎಂಜಿನ್ ಎತ್ತರವನ್ನು ತಾನೇ ಅಳೆದು ಸರಿಪಡಿಸಿಕೊಳ್ಳುತ್ತದೆ. ಆದರೆ ಘನ ಇಂಚು, ಕ್ಯಾಮ್ ಬದಲಾದದ್ದು ಅದಕ್ಕೆ ತಿಳಿಯುವುದಿಲ್ಲ. ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾಪ್ ಮತ್ತೆ ಬರೆಸಬೇಕು.

ಇಗ್ನಿಷನ್ ಟೈಮಿಂಗ್?

ವೋರ್ಟೆಕ್ ಹೆಡ್‌ನಲ್ಲಿ ಉರಿ ಬೇಗ ಹರಡುವುದರಿಂದ ಹೆಚ್ಚು ಅಡ್ವಾನ್ಸ್ (ಪಿಸ್ಟನ್ ಮೇಲೆ ತಲುಪುವ ಮುಂಚೆಯೇ ಕಿಡಿ ಕೊಡುವುದು) ಬೇಡ. ಒಟ್ಟು 28 ಡಿಗ್ರಿಯಿಂದ ಶುರುಮಾಡಿ, 32 ದಾಟಬೇಡಿ. ಬೋಟಿನಲ್ಲಿ ಗಾಳಿ, ನೀರು, ಎಕ್ಸಾಸ್ಟ್ ಶಬ್ದದ ನಡುವೆ ನಾಕಿಂಗ್ ಕಿವಿಗೆ ಬೀಳುವುದಿಲ್ಲ. ಕೇಳಿಸಲಿಲ್ಲ ಅಂದಮಾತ್ರಕ್ಕೆ ಇಲ್ಲ ಎಂದಲ್ಲ.

ಜೆ.ಸಿ. ರಸ್ತೆಯಲ್ಲಿ ಸಿಗುವ ಕಾರಿನ ಆಲ್ಟರ್ನೇಟರ್, ಸ್ಟಾರ್ಟರ್, ಫ್ಯೂಯಲ್ ಪಂಪ್ ಹಾಕಬಹುದೇ?

ಬೇಡ. ಉಳಿತಾಯಕ್ಕಾಗಿ ಇದನ್ನು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇವೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಸೇರಿಕೊಳ್ಳುತ್ತದೆ. ಕಾರಿನಲ್ಲಿ ಅದು ರಸ್ತೆಗೆ ಇಳಿದುಹೋಗುತ್ತದೆ, ಬೋಟಿನಲ್ಲಿ ಹೋಗಲು ಜಾಗವಿಲ್ಲ. ಕಾರಿನ ಆಲ್ಟರ್ನೇಟರ್, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಒಳಗಿನ ಕಿಡಿ ಹೊರಗಿನ ಆವಿಗೆ ತಾಗುತ್ತದೆ. ಬೋಟಿನವು ಕಿಡಿ ಹೊರಬರದಂತೆ ಮಾಡಿದವು. ಕೊಳ್ಳುವಾಗ ಎಸ್‌ಎಇ ಜೆ1171 ಎಂಬ ಗುರುತು ಹುಡುಕಿ.

ಕಾರ್ಬ್ಯುರೇಟರ್ ಕೂಡ ಹಾಗೆಯೇ: ಬೋಟಿನದ್ದರಲ್ಲಿ ಬೌಲ್ ತುಂಬಿ ಹರಿದರೆ ಪೆಟ್ರೋಲ್ ಎಂಜಿನ್ ಒಳಗೇ ಬೀಳುತ್ತದೆ, ಹೊರಗೆ ಚೆಲ್ಲುವುದಿಲ್ಲ. ಏರ್ ಫಿಲ್ಟರ್ ಬದಲು ಫ್ಲೇಮ್ ಅರೆಸ್ಟರ್ (ಬೆಂಕಿ ಹೊರಬರದಂತೆ ತಡೆಯುವ ಜಾಲರಿ) ಇರಲೇಬೇಕು. ಮೆಕ್ಯಾನಿಕಲ್ ಫ್ಯೂಯಲ್ ಪಂಪ್‌ನ ಡಯಾಫ್ರಮ್ ಹರಿದರೆ ಸೋರಿಕೆಯನ್ನು ಕಾರ್ಬ್ಯುರೇಟರ್‌ಗೆ ಒಯ್ಯುವ ಪಾರದರ್ಶಕ ಟ್ಯೂಬ್ ಇರುತ್ತದೆ, ಅದನ್ನು ಕಿತ್ತು ಹಾಕಬೇಡಿ. ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಕೋಣೆಯ ಆವಿ ಹೊರಹಾಕುವ ಬ್ಲೋವರ್ ನಾಲ್ಕು ನಿಮಿಷ ಓಡಲಿ.

ಜೆ.ಸಿ. ರಸ್ತೆ, ಕಲಾಸಿಪಾಳ್ಯದಿಂದ ಧಾರಾಳವಾಗಿ ತರಬಹುದಾದದ್ದು ಅಸೆಂಬ್ಲಿ ಲ್ಯೂಬ್, ಸೀಲೆಂಟ್, ಅಳತೆಯ ಉಪಕರಣ, ಹೋಸ್ ಕ್ಲ್ಯಾಂಪ್. ಕ್ಲ್ಯಾಂಪ್ ಪೂರ್ತಿ ಸ್ಟೇನ್‌ಲೆಸ್ ಇರಲಿ, ಸ್ಕ್ರೂ ಕೂಡ. ಮ್ಯಾಗ್ನೆಟ್ ಹಿಡಿದು ನೋಡಿ ತನ್ನಿ.

ಹೈ ವಾಲ್ಯೂಮ್ ಆಯಿಲ್ ಪಂಪ್ ಹಾಕಿದರೆ ಒಳ್ಳೆಯದಲ್ಲವೇ?

ಕ್ಲಿಯರೆನ್ಸ್ ಸರಿಯಿದ್ದರೆ ಸ್ಟ್ಯಾಂಡರ್ಡ್ ಪಂಪ್ ಸಾಕು. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇದ್ದರೆ ಆಯಿತು. ದೊಡ್ಡ ಪಂಪ್ ಪ್ಯಾನ್‌ನ ಎಣ್ಣೆಯನ್ನೆಲ್ಲ ಮೇಲಕ್ಕೆ ಏರಿಸಿಬಿಡುತ್ತದೆ, ಬೋಟ್ ಮೂತಿ ಎತ್ತಿದಾಗ ಪಿಕಪ್ ಗಾಳಿ ಎಳೆಯುತ್ತದೆ. ಎಣ್ಣೆ 25ಡಬ್ಲ್ಯೂ-40 ಬೋಟ್ ದರ್ಜೆಯದ್ದು.

ಗ್ಯಾಸ್ಕೆಟ್, ಬೋಲ್ಟ್, ಟಾರ್ಕ್ ವಿಷಯದಲ್ಲಿ ಏನು ಗಮನಿಸಬೇಕು?

ಹೆಡ್ ಗ್ಯಾಸ್ಕೆಟ್ ಬೋಟಿನದ್ದೇ ಬೇಕು. ಕಾರಿನದ್ದರ ಸ್ಟೀಲ್ ಹೃದಯಭಾಗ ಉಪ್ಪಿಗೆ ಕರಗುತ್ತದೆ. ಫ್ರಾಸ್ಟ್ ಪ್ಲಗ್ ಹಿತ್ತಾಳೆಯದ್ದು. ಸರ್ಕ್ಯುಲೇಟಿಂಗ್ ವಾಟರ್ ಪಂಪ್ ಕೂಡ ಬೋಟಿನದ್ದೇ.

ಈ ಎಂಜಿನ್ನಿನ ಹೆಡ್ ಬೋಲ್ಟ್‌ಗಳು ವಾಟರ್ ಜಾಕೆಟ್ ಒಳಗೇ ಇಳಿಯುತ್ತವೆ. ಪ್ರತಿ ಬೋಲ್ಟ್‌ನ ಎಳೆಗೂ ಸೀಲೆಂಟ್ ಹಚ್ಚದಿದ್ದರೆ ನೀರು ಎಳೆ ಹಿಡಿದು ಮೇಲೆ ಬಂದು ಎಣ್ಣೆಗೆ ಸೇರುತ್ತದೆ. ಹೆಡ್ ಮೂರು ಹಂತದಲ್ಲಿ, ನಡುವಿನಿಂದ ಹೊರಗೆ, ಕೊನೆಗೆ 88 ಎನ್‌ಎಂ. ಮೇನ್ ಕ್ಯಾಪ್ 95, ನಾಲ್ಕು ಬೋಲ್ಟ್ ಕ್ಯಾಪ್‌ನ ಹೊರಗಿನವು 88. ಮೂಲ ರಾಡ್ ಬೋಲ್ಟ್ 61. ವೋರ್ಟೆಕ್ ಇಂಟೇಕ್ ಬರೀ 15 ಎನ್‌ಎಂ, ಹಳೆಯ ಇಂಟೇಕ್‌ನಂತೆ 41ಕ್ಕೆ ಬಿಗಿದರೆ ಎಳೆ ಕಿತ್ತುಬರುತ್ತದೆ. ಬೇರೆ ಕಂಪನಿಯ ಬೋಲ್ಟ್ ಅಥವಾ ಸ್ಟಡ್ ಹಾಕಿದ್ದರೆ ಅವರು ಕೊಟ್ಟ ಅಂಕಿ ಮತ್ತು ಅವರದ್ದೇ ಗ್ರೀಸ್.

ಥರ್ಮೋಸ್ಟಾಟ್ ಬಿಸಿಯದ್ದು ಹಾಕಿದರೆ ಪವರ್ ಬರುತ್ತದೆ ಅನ್ನುತ್ತಾರಲ್ಲ?

ನೇರ ಕಡಲ ನೀರಿನ ಎಂಜಿನ್‌ಗೆ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನದ್ದೇ ಇರಲಿ. ಬಿಸಿ ಏರಿದರೆ ಉಪ್ಪು ಜಾಕೆಟ್ ಒಳಗೆ ಗಟ್ಟಿಯಾಗಿ ಕೂರುತ್ತದೆ. ಕೂಲಂಟ್ ಮತ್ತು ಹೀಟ್ ಎಕ್ಸ್‌ಚೇಂಜರ್ ಇರುವ ಎಂಜಿನ್‌ಗೆ 71 ಡಿಗ್ರಿ.

ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಚೆನ್ನಾಗಿಯೇ ಕಾಣುತ್ತಿದೆ. ಬಿಡಬಹುದೇ?

ಉಪ್ಪುನೀರಿನಲ್ಲಿ ಮ್ಯಾನಿಫೋಲ್ಡ್, ರೈಸರ್‌ಗಳ ಆಯಸ್ಸು ನಾಲ್ಕರಿಂದ ಆರು ವರ್ಷ. ವಯಸ್ಸು ಗೊತ್ತಿಲ್ಲದಿದ್ದರೆ ಬದಲಿಸಿ. ಒಳಗಿನ ಗೋಡೆ ತೂತಾದರೆ ನೀರು ನೇರ ಎಕ್ಸಾಸ್ಟ್ ವಾಲ್ವ್ ಮೇಲೆ ಬೀಳುತ್ತದೆ, ಮಾಡಿದ ಕೆಲಸವೆಲ್ಲ ಒಂದು ರಾತ್ರಿಯಲ್ಲಿ ನೀರುಪಾಲು.

ಬೆಂಗಳೂರಲ್ಲಿ ಮೊದಲ ಸ್ಟಾರ್ಟ್ ಹೇಗೆ ಮಾಡುವುದು?

ಡಿಸ್ಟ್ರಿಬ್ಯೂಟರ್ ತೆಗೆದು, ಆಯಿಲ್ ಪಂಪ್ ಶಾಫ್ಟನ್ನು ಡ್ರಿಲ್‌ನಿಂದ ತಿರುಗಿಸಿ. ಕ್ರ್ಯಾಂಕನ್ನು ಆಗಾಗ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹದಿನಾರೂ ರಾಕರ್‌ನಲ್ಲಿ ಎಣ್ಣೆ ಬರುವ ತನಕ ಬಿಡಬೇಡಿ. ಸ್ಟ್ಯಾಂಡ್ ಪಕ್ಕದಲ್ಲಿ 1000 ಲೀಟರ್ ಸಿಂಟೆಕ್ಸ್ ಇಟ್ಟು ಪ್ರತ್ಯೇಕ ಪಂಪ್‌ನಿಂದ ಎಂಜಿನ್‌ಗೆ ನೀರು ಹರಿಸಿ, ಬಿಸಿನೀರು ಹೊರಗೇ ಹೋಗಲಿ. ಮ್ಯಾನಿಫೋಲ್ಡ್‌ಗೂ ನೀರು ಬೇಕು, ಇಲ್ಲದಿದ್ದರೆ ರಬ್ಬರ್ ಹೋಸ್ ಸುಡುತ್ತದೆ. ಎಂಜಿನ್ ಮೇಲೆ ರಬ್ಬರ್ ಇಂಪೆಲ್ಲರ್ ಪಂಪ್ ಇದ್ದರೆ ಅದು ಒಣಗಿ ಅರ್ಧ ನಿಮಿಷವೂ ಓಡಬಾರದು.

ಚಪ್ಪಟೆ ಲಿಫ್ಟರ್ ಕ್ಯಾಮ್ ಆದರೆ ಸ್ಟಾರ್ಟ್ ಆದ ಕೂಡಲೇ 2000–2500 ಆರ್‌ಪಿಎಂಗೆ ಏರಿಸಿ, 20–30 ನಿಮಿಷ ಅಲ್ಲೇ ಏರಿಳಿಸುತ್ತಿರಿ. ಐಡಲ್‌ಗೆ ಬಿಟ್ಟರೆ ಲೋಬ್‌ಗಳಿಗೆ ಎಣ್ಣೆ ಸಿಡಿಯದೆ ಸವೆಯುತ್ತವೆ. ಜಿಂಕ್ ಅಂಶವಿರುವ ಬ್ರೇಕ್-ಇನ್ ಆಯಿಲ್ (ಹೊಸ ಭಾಗಗಳು ಹೊಂದಿಕೊಳ್ಳುವ ತನಕ ಬಳಸುವ ಎಣ್ಣೆ) ಹಾಕಿರಬೇಕು. ನೀರು, ಪೆಟ್ರೋಲ್, ಟೈಮಿಂಗ್ ಎಲ್ಲ ಮೊದಲೇ ಸರಿಯಿದ್ದು ಮೊದಲ ಕ್ರ್ಯಾಂಕಿಗೇ ಹತ್ತಬೇಕು. ರೋಲರ್ ಲಿಫ್ಟರ್‌ಗೆ ಈ ತಲೆನೋವಿಲ್ಲ.

ಇಲ್ಲಿ ಕಂಪ್ರೆಷನ್ ಗೇಜ್ ಓದುವುದು ಸಮುದ್ರಮಟ್ಟಕ್ಕಿಂತ ಸುಮಾರು ಶೇ 9 ಕಡಿಮೆ. ಪುಸ್ತಕದ ಅಂಕಿಗೆ ಬರಲಿಲ್ಲ ಎಂದು ಬಿಚ್ಚಬೇಡಿ. ಎಂಟೂ ಸಿಲಿಂಡರ್ ಪರಸ್ಪರ ಹತ್ತಿರವಿವೆಯೇ ಎನ್ನುವುದು ಮುಖ್ಯ. ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು) ಶೇಕಡಾವಾರು ಲೆಕ್ಕವಾದ್ದರಿಂದ ಎತ್ತರದ ಗೊಂದಲ ಅಷ್ಟಿಲ್ಲ, ಸಾಧ್ಯವಾದರೆ ಅದನ್ನೇ ಮಾಡಿ.

ಪವರ್ ಏರಿತು. ಡ್ರೈವ್ ಮತ್ತು ಪ್ರೊಪೆಲ್ಲರ್ ಹಳೆಯದೇ ಸಾಕೇ?

ಮರ್‌ಕ್ರೂಸರ್‌ನ ಆಲ್ಫಾ ಒನ್ ಡ್ರೈವ್ (ಎಂಜಿನ್ನಿನ ಪವರನ್ನು ಪ್ರೊಪೆಲ್ಲರ್‌ಗೆ ಒಯ್ಯುವ ಗೇರ್ ಭಾಗ) 300 ಅಶ್ವಶಕ್ತಿಯ ಸುತ್ತಮುತ್ತ ತನ್ನ ಮಿತಿಗೆ ಬರುತ್ತದೆ. 355 ಹಾಕಿ ಹದವಾಗಿ ಓಡಿಸಿದರೆ ನಡೆದೀತು. 383 ಹಾಕಿ, ಅಲೆಯ ಮೇಲೆ ಹಾರಿಸಿ ನೀರಿಗೆ ಬೀಳಿಸುತ್ತ ಓಡಿಸಿದರೆ ಗೇರ್ ಹಲ್ಲು ಉದುರುತ್ತದೆ. ಅದಕ್ಕೆ ಇನ್ನೂ ಗಟ್ಟಿಯಾದ ಬ್ರಾವೊ ಡ್ರೈವ್ ಬೇಕು.

ಹಳೆಯ ಪ್ರೊಪೆಲ್ಲರ್‌ನಲ್ಲೇ ಹೊರಟರೆ ಎಂಜಿನ್ 5000 ದಾಟಿ ಓಡುತ್ತದೆ, ಜನ ಅದನ್ನೇ ಪವರ್ ಎಂದು ಸಂತೋಷಪಡುತ್ತಾರೆ. ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಒಂದು ಇಂಚು ಏರಿಸಿದರೆ 150–200 ಆರ್‌ಪಿಎಂ ಇಳಿಯುತ್ತದೆ. ಸಾಮಾನ್ಯವಾಗಿ ಎಷ್ಟು ಜನ, ಎಷ್ಟು ಪೆಟ್ರೋಲ್ ಹೊತ್ತು ಓಡುತ್ತೀರೋ ಅಷ್ಟೇ ತುಂಬಿಸಿಕೊಂಡು 4600–4800ಕ್ಕೆ ನಿಲ್ಲುವಂತೆ ಪಿಚ್ ಆರಿಸಿ. 4200ಕ್ಕೇ ನಿಂತರೆ ಪಿಚ್ ಹೆಚ್ಚಾಯಿತು, ಅದು ಇನ್ನೂ ಕೆಟ್ಟದ್ದು: ಎಂಜಿನ್ ತಿಣುಕುತ್ತ ನಾಕಿಂಗ್‌ಗೆ ಬೀಳುತ್ತದೆ.

ಮೊದಲ ಹತ್ತು ಗಂಟೆ ಏನು ನೋಡುತ್ತಿರಬೇಕು?

ಒಂದೇ ಆರ್‌ಪಿಎಂನಲ್ಲಿ ನಿಲ್ಲಿಸದೆ ಏರಿಳಿಸಿ ಓಡಿಸಿ, ಪೂರ್ತಿ ಥ್ರಾಟಲ್ ಬೇಡ. ಪ್ರತಿ ಸಲ ದಡಕ್ಕೆ ಬಂದ ಮೇಲೆ ಡಿಪ್‌ಸ್ಟಿಕ್ ನೋಡಿ. ಎಣ್ಣೆ ಮಟ್ಟ ಏರಿದ್ದರೆ ಅಥವಾ ಹಾಲು ಬೆರೆಸಿದ ಚಹಾ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಇಂಟೇಕ್ ಗ್ಯಾಸ್ಕೆಟ್ ಮೂಲೆಗಳು, ಹೆಡ್ ಬೋಲ್ಟ್ ಸೀಲೆಂಟ್, ರೈಸರ್ ಈ ಕ್ರಮದಲ್ಲಿ ಹುಡುಕಿ. ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಫ್ಯೂಯಲ್ ಪಂಪ್ ಅಥವಾ ಕಾರ್ಬ್ಯುರೇಟರ್ ಫ್ಲೋಟ್. ನೀರು ಸೇರಿದ ಎಣ್ಣೆಯಲ್ಲಿ ಎಂಜಿನ್ ನಿಲ್ಲಿಸಿ ಇಟ್ಟರೆ ಮರುದಿನವೇ ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ, ಆದ್ದರಿಂದ ಅಂದೇ ಎಣ್ಣೆ ಬದಲಿಸಿ, ಹೊಸ ಎಣ್ಣೆಯಲ್ಲಿ ಬಿಸಿಯಾಗುವ ತನಕ ಓಡಿಸಿ, ಮತ್ತೆ ಬದಲಿಸಿ. ಹತ್ತು ಗಂಟೆ ಮುಗಿದಾಗ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ನುಣ್ಣನೆಯ ಬೂದು ಪುಡಿ ಸಹಜ. ಹೊಳೆಯುವ ಚೂರು ಕೈಗೆ ತಾಗಿದರೆ ಮ್ಯಾಗ್ನೆಟ್ ಹಿಡಿಯಿರಿ: ಅಂಟಿದರೆ ಕ್ಯಾಮ್ ಅಥವಾ ಲಿಫ್ಟರ್, ಅಂಟದಿದ್ದರೆ ಬೇರಿಂಗ್ ಅಥವಾ ಪಿಸ್ಟನ್. ಎರಡರಲ್ಲೂ ಬೋಟ್ ಅಲ್ಲೇ ನಿಲ್ಲಲಿ, ಎಂಜಿನ್ ಬಿಚ್ಚಿ.